ಕೇಳಿ, ಹೇಳುತ್ತೇವೆ: ಗಾಣದ ರೋಲರ್‌ಗೆ ಹನಿ ವೆಲ್ಡಿಂಗ್

ಪ್ರಶ್ನೆ: ನಮ್ಮ ಆಲೆಮನೆ ಗಾಣದ ರೋಲರ್ ನುಣ್ಣಗಾಗಿದೆ, ಕಬ್ಬು ಕಚ್ಚದೆ ಬಾಯಲ್ಲೇ ಜಾರುತ್ತದೆ. ಹಲ್ಲಿನ ಮೇಲೆ ಸುತ್ತಲೂ ಹಾರ್ಡ್‌ಫೇಸಿಂಗ್ (ಬೇಗ ಸವೆಯದ ಗಡಸು ಲೋಹದ ವೆಲ್ಡ್ ಪದರ) ಎಳೆದುಬಿಡೋಣ ಅಂತಾರೆ ವೆಲ್ಡಿಂಗ್ ಶಾಪಿನವರು. ಮಾಡಿಸಬಹುದೇ?
– ಆಲೆಮನೆ ಮಾಲೀಕರು, ಪಾಂಡವಪುರ ತಾಲ್ಲೂಕು

ಉತ್ತರ: ಬೇಡ. ಇಂಥ ರೋಲರ್ ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಉದ್ದಕ್ಕೆ ಸಾಲು ಎಳೆದರೆ ವೆಲ್ಡಿನ ಅಂಚಿನ ಬೀಡು ಗಾಜಿನಂತೆ ಪೆಡಸಾಗಿ, ನಾಲ್ಕು ದಿನಕ್ಕೆ ಹಲ್ಲೇ ಚಕ್ಕೆ ಏಳುತ್ತದೆ. ನಿಮಗೆ ಬೇಕಿರುವುದು ಬಿಡಿ ಹನಿ: 3–4 ಮಿ.ಮೀ. ಅಗಲ, ಹಲ್ಲಿನ ತುದಿಯಲ್ಲಿ ಮತ್ತು ಇಳಿಜಾರಿನ ಮೇಲರ್ಧದಲ್ಲಿ, ನಡುವೆ ಜಾಗ ಬಿಟ್ಟು. ತಳದ ಕಾಲುವೆಗೆ ಬೀಳಬಾರದು; ಕಬ್ಬಿನ ಹಾಲು ಇಳಿಯುವ ದಾರಿ ಅದು. ಸಕ್ಕರೆ ಕಾರ್ಖಾನೆಗಳಿಗೆಂದೇ ‘ರೋಲ್ ಆರ್ಕಿಂಗ್’ ರಾಡು ಬರುತ್ತದೆ, ಕ್ರೋಮಿಯಂ ಕಾರ್ಬೈಡ್ ಎಂಬ ಗಡಸು ವಸ್ತುವಿನದು. ಅದನ್ನೇ ಕೇಳಿ.

ವೆಲ್ಡಿಂಗ್ ಕರೆಂಟು ಯಂತ್ರಕ್ಕೆ ಮರಳುವ ಅರ್ತಿಂಗ್ ಕ್ಲಾಂಪನ್ನು ರೋಲರಿನ ಶಾಫ್ಟಿಗೇ ಹಾಕಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಗಾಣದ ಚೌಕಟ್ಟಿಗೆ ಕಚ್ಚಿಸಿದರೆ ಕರೆಂಟು ಬೇರಿಂಗ್ ದಾಟಿಯೇ ಹೋಗಬೇಕು, ಕಿಡಿ ಹಾರಿದಲ್ಲೆಲ್ಲ ಸಣ್ಣ ಗುಳಿ. ರೋಲರ್ ಸರಿಹೋಯಿತು, ಬೇರಿಂಗ್ ಕೂಗಲು ಶುರುವಾಯಿತು ಎಂಬ ದೂರಿಗೆ ಇದೂ ಒಂದು ಕಾರಣ.

ಕಾರ್ಖಾನೆಯಲ್ಲಿ ರೋಲರ್ ತಿರುಗುತ್ತಿರುವಾಗಲೇ ಹನಿ ಹಾಕುತ್ತಾರೆ. ಆಲೆಮನೆಯಲ್ಲಿ ಆ ಸಾಹಸ ಬೇಡ. ಬೆಲ್ಟ್ ಕಳಚಿ, ಕೈಯಲ್ಲಿ ಗೇಣುಗೇಣು ತಿರುಗಿಸಿ. ಒಂದೇ ಕಡೆ ಕೂರದೆ ಜಾಗ ಬದಲಿಸುತ್ತಿರಲಿ. ಹತ್ತಿರ ಕೈ ಇಡಲಾಗದಷ್ಟು ಕಾದರೆ ನಿಲ್ಲಿಸಲಿ. ಮುಗಿದ ಮೇಲೆ ವೈರ್ ಬ್ರಷ್‌ನಿಂದ ಸ್ಲ್ಯಾಗ್ (ವೆಲ್ಡಿನ ಮೇಲೆ ಕಟ್ಟುವ ಕಿಟ್ಟ) ಪೂರಾ ಉಜ್ಜಿ ತೊಳೆಯಿರಿ. ಮೊದಲು ಅರೆದ ಹಾಲು ಕೊಪ್ಪರಿಗೆಗೆ ಹೋಗಕೂಡದು.

ಹಲ್ಲೇ ಗಿಡ್ಡಾಗಿದ್ದರೆ ಹನಿಯಿಂದ ಪ್ರಯೋಜನವಿಲ್ಲ, ಲೇತಿಗೆ ಕೊಟ್ಟು ಕಾಲುವೆ ಹೊಡೆಸಬೇಕು. ಲೇತ್ ಮೊದಲು, ಹನಿ ಆಮೇಲೆ. ತಿರುವುಮುರುವಾದರೆ ಟೂಲಿನ ಬಾಯಿ ಹೋಗುತ್ತದೆ. ಈ ಹನಿಗೆ ಗ್ರೈಂಡರ್ ಒಂದೇ ಮದ್ದು.

ಪ್ರಶ್ನೆ: ರೋಟವೇಟರ್ ಬ್ಲೇಡಿಗೆ ಹಾರ್ಡ್‌ಫೇಸಿಂಗ್ ಮಾಡಿಸಿದೆ. ಪದರದ ತುಂಬ ಅಡ್ಡಬಿರುಕು. ವೆಲ್ಡರ್ ಕೆಲಸ ಕೆಡಿಸಿದರೇ?
– ಟ್ರ್ಯಾಕ್ಟರ್ ಮಾಲೀಕರು, ತಿ. ನರಸೀಪುರ

ಉತ್ತರ: ಕ್ರೋಮಿಯಂ ಕಾರ್ಬೈಡ್ ಆದರೆ ಕೂದಲೆಳೆಯಂಥ ಅಡ್ಡಬಿರುಕು ಅದರ ಗುಣ, ಆರುವಾಗಿನ ಎಳೆತ ಹಾಗೆ ಸಡಿಲವಾಗುತ್ತದೆ. ಬಿರುಕು ಬ್ಲೇಡಿನೊಳಕ್ಕೆ ಇಳಿದಿದ್ದರೆ, ಇಲ್ಲವೇ ಪದರ ಹಪ್ಪಳದಂತೆ ಎದ್ದಿದ್ದರೆ ಮಾತ್ರ ತಪ್ಪು: ತೇವ ಹಿಡಿದ ರಾಡು, ತುಕ್ಕು ಉಜ್ಜದ ಬ್ಲೇಡು, ಅಥವಾ ಬಿಸಿಯಿದ್ದಾಗಲೇ ನೀರಿಗೆ ಅದ್ದಿದ್ದು. ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಎರಡು ಪದರ ಸಾಕು. ಬೋಲ್ಟ್ ತೂತಿನ ಹತ್ತಿರವಾಗಲಿ ಬಾಗಿನಲ್ಲಾಗಲಿ ರಾಡು ಮುಟ್ಟಿಸಿದ್ದರೆ ಆ ಬ್ಲೇಡ್ ಬದಲಿಸಿ. ಗದ್ದೆಯಲ್ಲಿ ಕಲ್ಲು ಸಿಕ್ಕರೆ ಅಲ್ಲೇ ಮುರಿಯುತ್ತದೆ.