ಒಂದು ರಾತ್ರಿಯ ಎಂಟು ಸಾವಿರ

(ಪತ್ರ ಬರೆದವರು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯ ನಾಟಕ ಮಂಡಳಿಯ ಕಾರ್ಯದರ್ಶಿ. ಹೆಸರು ಅಚ್ಚು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು: "ರಂಗದ ಹೆಣ್ಣುಮಕ್ಕಳಿಗೆ ಸರಿಯಾದ ಸಂಭಾವನೆ ಇಲ್ಲ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ನಮ್ಮ ಊರಿನ ನಾಟಕದಲ್ಲಿ ದುಡ್ಡು ಕಾಣುವುದೇ ಅವರು. ನಮ್ಮ ಹುಡುಗರು ತಲಾ 3,000 ರೂಪಾಯಿ ಪಟ್ಟಿ ಹಾಕಿ, ಮೂರು ತಿಂಗಳು ತಾಲೀಮು ಮಾಡಿ ಪಾರ್ಟು ಕಟ್ಟುತ್ತಾರೆ. ಮಾಸ್ತರರಿಗೆ, ಸೀನರಿಯವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇವೆ. ನಾಯಕಿ ಮಾತ್ರ ನಾಟಕದ ದಿನ ಮಧ್ಯಾಹ್ನ ಬಂದು, ಬೆಳಗಾಗುವುದರೊಳಗೆ 8,000 ರೂಪಾಯಿ ಎಣಿಸಿಕೊಂಡು ಹೋಗುತ್ತಾರೆ. ಬಹುಮಾನದ ನೋಟು ಬೇರೆ. ಬಣ್ಣ ಹಚ್ಚಲು ಶಾಲೆಯ ಕೋಣೆಯನ್ನೂ ಬಿಟ್ಟುಕೊಡುತ್ತೇವೆ. ಗಂಡು ಹೆಣ್ಣು ಸಮಾನ ಎನ್ನುವುದಾದರೆ ಅವರೂ ಪಟ್ಟಿ ಹಾಕಿ ಪಾತ್ರ ಮಾಡಲಿ.")

ಮಾನ್ಯರೇ,

ನಿಮ್ಮ ಕೊನೆಯ ಸಾಲನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಮ್ಮ ಪುಟ ಜೋಡಿಸುವ ಹೆಣ್ಣುಮಗಳು, "ಸರ್, ಇದಕ್ಕೆ ಉತ್ತರ ಕೊಡುತ್ತೀರೋ ಅಥವಾ ನಗುವುದಷ್ಟೆಯೋ?" ಎಂದು ಕೇಳಿದರು. ಹಾಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆ ಲೇಖನ ಬೆಂಗಳೂರಿನ ಸಿನಿಮಾ ನಾಯಕಿಯನ್ನೂ ನಿಮ್ಮ ಊರಿಗೆ ಬರುವ ಕಲಾವಿದೆಯನ್ನೂ ಒಂದೇ ಗೂಟಕ್ಕೆ ಕಟ್ಟಿತ್ತು. ಸಿನಿಮಾದಲ್ಲಿ ನಾಯಕ, ನಾಯಕಿ ಇಬ್ಬರೂ ದುಡಿಯಲು ಬಂದವರು. ಇಬ್ಬರ ಸಂಭಾವನೆಯನ್ನು ಪಕ್ಕಪಕ್ಕದಲ್ಲಿಟ್ಟು ತೂಗಬಹುದು. ನಿಮ್ಮ ಊರಿನಲ್ಲಿ ನಾಯಕ ಹವ್ಯಾಸಿ, ನಾಯಕಿ ವೃತ್ತಿ ಕಲಾವಿದೆ. ನಿಮ್ಮ ಹುಡುಗ ಮರುದಿನ ಅಡಿಕೆ ತೋಟಕ್ಕೆ ಹೋಗುತ್ತಾನೆ, ಆಕೆ ಮತ್ತೊಂದು ಊರಿಗೆ ಹೋಗಿ ಮತ್ತೆ ಬಣ್ಣ ಹಚ್ಚುತ್ತಾರೆ. ಬೀಗರು ಸ್ವಂತ ಖರ್ಚಿನಲ್ಲಿ ಬಂದು ಕುಣಿದರು, ಆದ್ದರಿಂದ ವಾಲಗದವರೂ ಪುಕ್ಕಟೆ ಊದಲಿ ಎಂದು ನೀವು ಮದುವೆ ಮನೆಯಲ್ಲಿ ಹೇಳುವುದಿಲ್ಲವಲ್ಲ.

ಹೋಲಿಸುವುದಾದರೆ ಹಾರ್ಮೋನಿಯಂ ಮಾಸ್ತರರ ಜೊತೆ ಹೋಲಿಸಿ, ಸೀನರಿಯವರ ಜೊತೆ ಹೋಲಿಸಿ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಅವರಿಗೆ "ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇವೆ". ನಾಯಕಿ "ಎಣಿಸಿಕೊಂಡು ಹೋಗುತ್ತಾರೆ". ಹಣ ಅದೇ ಪೆಟ್ಟಿಗೆಯದು, ಕೈ ಬದಲಾದಾಗ ಕ್ರಿಯಾಪದವೂ ಬದಲಾಯಿತು. ನೀವು ಬೇಕೆಂದು ಹಾಗೆ ಬರೆದಿಲ್ಲ ಎಂದು ನನಗೆ ಗೊತ್ತು. ಬೇಕೆಂದು ಬರೆದಿದ್ದರೆ ನನಗೆ ಇಷ್ಟು ಚಿಂತೆಯಾಗುತ್ತಿರಲಿಲ್ಲ.

ಈಗ ಆ 8,000ದ ಲೆಕ್ಕ. ದಾವಣಗೆರೆಯಲ್ಲಿ ವಾಸವಾಗಿರುವ ಒಬ್ಬ ಕಲಾವಿದೆ ತಮ್ಮ ಡೈರಿಯನ್ನು ನನಗೆ ತೋರಿಸಿದರು. ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ, ಮುಖಪುಟದ ಮೇಲೆ ಗೊಬ್ಬರದ ಜಾಹೀರಾತು ಇರುವ ಡೈರಿ. ಸುಗ್ಗಿ ಮುಗಿದ ಮೇಲಿನ ಪುಟಗಳಲ್ಲಿ ಊರುಗಳ ಹೆಸರು ಒತ್ತೊತ್ತಾಗಿವೆ. ಮುಂಗಾರು ಹಿಡಿದ ಮೇಲೆ ಪುಟಗಳು ಖಾಲಿ, ಆಷಾಢದಲ್ಲಿ ಬರೀ ಹಾಲಿನ ಲೆಕ್ಕ. ಒಂದು ಊರಿನ ಹೆಸರಿನ ಕೆಳಗೆ ಅವರು ಹೀಗೆ ಬರೆದುಕೊಂಡಿದ್ದರು: ಗೊತ್ತು ಮಾಡಿಸಿದವರಿಗೆ 1,000, ರಾತ್ರಿ ಆಟೋ 600, ಬಣ್ಣ ಮತ್ತು ಸವರಿ 450, ಬಾಡಿಗೆ ಒಡವೆ 300. ಸೀರೆ ಅವರದೇ, ಮೂರು ದೃಶ್ಯಕ್ಕೆ ಮೂರು. ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಬಾಕಿ 2,500". ಬಂತೇ ಎಂದು ಕೇಳಿದೆ. "ಅದು ಹೋದ ವರ್ಷದ ಡೈರಿ ಸರ್," ಎಂದರು.

ಹುಡುಗರಿಗೆ ಮೂರು ತಿಂಗಳ ತಾಲೀಮು, ಆಕೆ ಮಧ್ಯಾಹ್ನ ಬಂದರು ಎನ್ನುತ್ತೀರಿ. ನಾನು ಇದನ್ನು ತಿರುವಿ ಹಾಕಿ ನೋಡುತ್ತೇನೆ. ನಿಮ್ಮ ಹುಡುಗರು ಮೂರು ತಿಂಗಳು ಕಲಿತರೂ ಪ್ರಾಂಪ್ಟರ್ ಇಲ್ಲದೆ ಮುಂದೆ ಸಾಗುವುದಿಲ್ಲ. ಆಕೆ ಮಧ್ಯಾಹ್ನ ಬಂದು, ಹಾಡಿನ ಶ್ರುತಿ ಯಾವುದು ಎಂದು ಮಾಸ್ತರರನ್ನು ಕೇಳಿ, ರಾತ್ರಿ ಹತ್ತಕ್ಕೆ ಪರದೆ ಎದ್ದಾಗ ನಿಮ್ಮ ನಾಯಕ ಮರೆತ ಮಾತನ್ನೂ ತಮ್ಮ ಮಾತಿನೊಳಗೆ ಸೇರಿಸಿ ದೃಶ್ಯ ದಾಟಿಸುತ್ತಾರೆ. ಇಪ್ಪತ್ತು ನಾಟಕ ತಲೆಯಲ್ಲಿರುವುದು ಒಂದು ಮಧ್ಯಾಹ್ನದ ಕೆಲಸವಲ್ಲ. ನೀವು ಕೊಡುವುದು ಆ ಇಪ್ಪತ್ತಕ್ಕೆ.

ಬಹುಮಾನದ ನೋಟಿನ ವಿಷಯ ಬೇಗ ಮುಗಿಸುತ್ತೇನೆ. ಮೈಕಿನಲ್ಲಿ ಹೆಸರು ಕೂಗಿಸಿಕೊಂಡು, ವೇದಿಕೆ ಹತ್ತಿ, ಆಕೆಯ ಸೆರಗಿಗೆ ನೋಟು ಚುಚ್ಚುವುದನ್ನು ಸಂಭಾವನೆ ಎಂದು ಎಣಿಸಬೇಡಿ. ಆ ಪಿನ್ನು ಬೆರಳಿನ ಜೊತೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಮುಂದಿನ ಸಾಲಿನಲ್ಲಿ ಕುಳಿತವರಿಗೆಲ್ಲ ಗೊತ್ತು.

ನನಗೆ ಮರೆಯಲಾಗದ ಒಂದು ಬೆಳಗಿನ ಜಾವ ಇದೆ. ಜಗಳೂರಿನ ಕಡೆಯ ಒಂದು ಊರು. ನಾಟಕ ಮುಗಿದು ನಾಲ್ಕು ಗಂಟೆ ದಾಟಿತ್ತು. ಸೀನರಿಯವರು ಪರದೆ ಸುತ್ತುತ್ತಿದ್ದರು. ನಾಯಕಿ ಮುಖದ ಅರ್ಧ ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸಿಕೊಂಡು, ಇನ್ನರ್ಧ ಹಾಗೇ ಬಿಟ್ಟು, ಬ್ಯಾಗಿನ ಮೇಲೆ ಕುಳಿತಿದ್ದರು. ಹಣ ಇಟ್ಟುಕೊಂಡವರು ಮನೆಗೆ ಹೋಗಿ ಮಲಗಿದ್ದರಂತೆ. ಎಬ್ಬಿಸಲು ಹೋದ ಹುಡುಗ ಹಿಂದಿರುಗಿ, "ಅಕ್ಕಾ, ಜಾತ್ರೆ ಲೆಕ್ಕ ಆಗಲಿ, ಕಳಿಸುತ್ತಾರಂತೆ," ಎಂದ. ಅಷ್ಟರಲ್ಲಿ ದಾವಣಗೆರೆಯ ಮೊದಲ ಬಸ್ಸು ಹಾರ್ನ್ ಹಾಕಿತು. ಆ ಬಸ್ಸು ಬಿಟ್ಟರೆ ಆ ರಾತ್ರಿಯ ಊರಿಗೆ ತಲುಪಲಾಗುವುದಿಲ್ಲ. ಆಕೆ ಹತ್ತಿದರು. ಹಾರ್ಮೋನಿಯಂ ಮಾಸ್ತರರು ಅದೇ ಬಸ್ಸಿನಲ್ಲಿದ್ದರು; ಅವರ ಹಣ ಸಂಜೆಯೇ ಕೈ ಸೇರಿತ್ತು. ಮೊದಲೇ ಕೊಡದಿದ್ದರೆ ಪೆಟ್ಟಿಗೆ ಮುಟ್ಟುವುದಿಲ್ಲ ಎನ್ನುವ ಪೈಕಿ ಅವರು. ನಾಯಕಿ ಹಾಗೆ ಹೇಳಿದರೆ ಊರಿನಲ್ಲಿ ಅದಕ್ಕೆ ಬೇರೆ ಹೆಸರು.

ಕಾನೂನಿಲ್ಲವೇ? ಇದೆ. 1976ರ ಸಮಾನ ವೇತನ ಕಾಯ್ದೆಯನ್ನು ಈಗ 2019ರ ವೇತನ ಸಂಹಿತೆಯೊಳಗೆ ಸೇರಿಸಿದ್ದಾರೆ. ಒಂದೇ ಕೆಲಸಕ್ಕಾಗಲಿ, ಅದೇ ಬಗೆಯ ಕೆಲಸಕ್ಕಾಗಲಿ ಹೆಣ್ಣು ಎಂಬ ಕಾರಣಕ್ಕೆ ಕಡಿಮೆ ಕೊಡಬಾರದು ಎನ್ನುತ್ತದೆ. ಆದರೆ ಕಾನೂನಿಗೆ ಒಬ್ಬ ಮಾಲೀಕ ಬೇಕು, ಒಂದು ಹಾಜರಿ ಪುಸ್ತಕ ಬೇಕು. ಜಾತ್ರೆಯ ನಾಟಕದಲ್ಲಿ ಮಾಲೀಕರು ಬೆಳಗಿನ ಹೊತ್ತಿಗೆ ಪರದೆಯ ಜೊತೆಗೇ ಸುತ್ತಿಕೊಂಡು ಹೋಗಿರುತ್ತಾರೆ. 2024ರಲ್ಲಿ ನಮ್ಮ ರಾಜ್ಯ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾಯ್ದೆ ಮಾಡಿತು. ಸಿನಿಮಾ ಟಿಕೆಟ್ಟು, ಒಟಿಟಿ ಚಂದಾಗಳ ಮೇಲೆ ಗರಿಷ್ಠ ಶೇ 2ರವರೆಗೆ ಸೆಸ್ ಹಾಕಿ ನಿಧಿ ಕಟ್ಟುವ ಯೋಜನೆ. ಒಳ್ಳೆಯದೇ. ಆದರೆ ಇಂಥ ನಿಧಿಯಾಗಲಿ, ಕಲಾವಿದರ ಮಾಸಾಶನವಾಗಲಿ, ಬಾಗಿಲಲ್ಲಿ ಕೇಳುವುದು ಕಾಗದವನ್ನು. ಮೂವತ್ತು ವರ್ಷ ಬಣ್ಣ ಹಚ್ಚಿದವರ ಹತ್ತಿರ ಇರುವುದು ಗೊಬ್ಬರದ ಡೈರಿ.

ಮಲಯಾಳಂ ಸಿನಿಮಾದ ಹೆಣ್ಣುಮಕ್ಕಳ ಸ್ಥಿತಿಗತಿಯ ಬಗ್ಗೆ ಕೇರಳದ ನ್ಯಾಯಮೂರ್ತಿ ಹೇಮಾ ಸಮಿತಿ 2019ರಲ್ಲಿ ಕೊಟ್ಟ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಎಲ್ಲರೂ ದೊಡ್ಡ ಹೆಸರುಗಳನ್ನು ಹುಡುಕಿದರು. ನನ್ನ ಕಣ್ಣಿಗೆ ಬಿದ್ದದ್ದು ಸಣ್ಣ ಸಂಗತಿಗಳು: ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ, ಬರಹದಲ್ಲಿ ಒಪ್ಪಂದ ಇಲ್ಲ. ನೀವು ಶಾಲೆಯ ಕೋಣೆ ಕೊಡುತ್ತೇವೆ ಎಂದಿದ್ದೀರಿ, ಸಂತೋಷ. ಅದರ ಬಾಗಿಲಿಗೆ ಒಳಚಿಲಕ ಇದೆಯೇ, ದಯವಿಟ್ಟು ಒಮ್ಮೆ ನೋಡಿ.

ಇದೆಲ್ಲವನ್ನೂ ನಮ್ಮ ಜಿಲ್ಲೆಯಲ್ಲಿ ಹೇಳಬೇಕಾಗಿ ಬಂದದ್ದೇ ಸೋಜಿಗ. ಇದು ಚಿಂದೋಡಿ ಲೀಲಾ ಅವರ ಊರು. ಕೆಬಿಆರ್ ಡ್ರಾಮಾ ಕಂಪನಿ ನಡೆಸಿದವರು, ಪದ್ಮಶ್ರೀ ಪಡೆದವರು, ನಾಟಕ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಅತ್ತ ಬೆಂಗಳೂರಿನಲ್ಲಿ ಆರ್. ನಾಗರತ್ನಮ್ಮ 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಹೆಂಗಸರಿಂದಲೇ ಗಂಡು ಪಾತ್ರಗಳನ್ನೂ ಮಾಡಿಸಿದರು, ಸ್ವತಃ ಕಂಸನಾದರು. ಹೆಣ್ಣು ಬಟವಾಡೆಗೆ ಕೈ ಚಾಚುವ ಕಡೆಯಿಂದ ಬಟವಾಡೆ ಮಾಡುವ ಕಡೆಗೆ ಬಂದು ಕುಳಿತದ್ದು ಹೊಸದೇನಲ್ಲ.

ನಿಮ್ಮ ಮಂಡಳಿಯಿಂದ ನಾನು ಕೇಳುವುದು ದರ ಏರಿಸಿ ಎಂದಲ್ಲ. 8,000ಕ್ಕೆ ಒಪ್ಪಿದ್ದರೆ 8,000ವೇ ಇರಲಿ. ವೀಳ್ಯ ಕೊಡುವ ದಿನವೇ ಒಂದು ಚೀಟಿ ಬರೆಯಿರಿ: ನಾಟಕದ ಹೆಸರು, ದಿನಾಂಕ, ಪಾತ್ರ, ಮೊತ್ತ, ಮುಂಗಡ, ಹೋಗಿ ಬರುವ ಖರ್ಚು ಯಾರದು, ಇಬ್ಬರ ರುಜು. ಉಳಿದ ಹಣ ಬಣ್ಣ ಹಚ್ಚುವ ಮೊದಲು, ಮಾಸ್ತರರಿಗೆ ಕೊಡುವ ಹೊತ್ತಿಗೇ. ಆ ಚೀಟಿ ನಾಳೆ ಆಕೆಯ ಮಾಸಾಶನದ ಅರ್ಜಿಗೂ ಲಗತ್ತಾದೀತು.

ಬುದ್ಧಿ ಹೇಳುವ ನಮ್ಮ ಮನೆಯ ಕಥೆಯನ್ನೂ ಕೇಳಿ. ಎರಡು ವರ್ಷದ ಹಿಂದೆ ಪತ್ರಿಕೆಯ ದೀಪಾವಳಿ ಸಂಚಿಕೆಯ ಬಿಡುಗಡೆಗೆ ಒಂದು ಗಾಯನ ಇಟ್ಟುಕೊಂಡಿದ್ದೆವು. ತಬಲಾದವರಿಗೆ, ಹಾರ್ಮೋನಿಯಂನವರಿಗೆ ಕವರು. ಒಂದೂವರೆ ಗಂಟೆ ಹಾಡಿದವರಿಗೆ ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ, ಎರಡು ಬಾಳೆಹಣ್ಣು. ಗೌರವಿಸಿದೆವು ಎಂದು ನಾನೇ ಸಂಪಾದಕೀಯದಲ್ಲಿ ಬರೆದಿದ್ದೆ. ನಿಮ್ಮ ಪತ್ರ ಬಂದ ಮೇಲೆ ಹಳೆಯ ವೋಚರುಗಳನ್ನು ತೆಗೆಸಿ ನೋಡಿದೆ. ಆಕೆಯ ಹೆಸರಿನಲ್ಲಿ ಒಂದೂ ಇಲ್ಲ. ಕಳೆದ ವಾರ ಹಣ ಕಳುಹಿಸಿದೆವು. ರಸೀದಿಗೆ ರುಜು ಹಾಕಿ ಕಳುಹಿಸಿದ್ದಾರೆ, ಹಿಂಬದಿಯಲ್ಲಿ ಒಂದು ಸಾಲು: "ಸೀರೆ ವಾಪಸ್ ಕೇಳುವುದಿಲ್ಲ ತಾನೇ?"

— ಸಂಪಾದಕ