ಲಾವಾದಲ್ಲಿ ಮುಳುಗಿದ ಪಾಂಪೆಯಲ್ಲಿ ಬ್ರೆಡ್ಡು, ಮರ, ಮನುಷ್ಯರ ಆಕಾರ ಹೇಗೆ ಉಳಿದವು?

ನೀವು ಕೇಳಿರುವುದು ಮೂರು: ಲಾವಾ ಹರಿದ ಮೇಲೆ ಎಲ್ಲ ಸುಟ್ಟುಹೋಗಬೇಕಿತ್ತಲ್ಲ, ಜನ ಕಲ್ಲಾದದ್ದು ನಿಜವೇ, ಊರಿನ ಮೂರನೇ ಒಂದು ಭಾಗವನ್ನು ಇನ್ನೂ ಯಾಕೆ ಅಗೆದಿಲ್ಲ. ಮೊದಲನೆಯದು ಇತ್ಯರ್ಥವಾದರೆ ಉಳಿದವು ಸಲೀಸು. ಕ್ರಿ.ಶ. 79ರಲ್ಲಿ ಇಟಲಿಯ ರೋಮನ್ ಊರಾದ ಪಾಂಪೆಯ ಮೇಲೆ ಲಾವಾ ಹರಿಯಲೇ ಇಲ್ಲ.

ಹತ್ತಿರದ ಜ್ವಾಲಾಮುಖಿ ವೆಸೂವಿಯಸ್ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಸಿಡಿಯಿತು. ಹೊಗೆ, ಬೂದಿ, ಕಲ್ಲುಗಳ ಕಂಬ 30 ಕಿ.ಮೀ. ಆಸುಪಾಸು ಮೇಲಕ್ಕೇರಿತು. ನೇಪಲ್ಸ್ ಕೊಲ್ಲಿಯ ಆಚೆ ದಡದಿಂದ ನೋಡುತ್ತಿದ್ದ ರೋಮನ್ ಬರಹಗಾರ ಕಿರಿಯ ಪ್ಲಿನಿ ಅದು ಕೊಡೆಯಂತೆ ಹರಡಿಕೊಂಡ ಪೈನ್ ಮರದ ಹಾಗಿತ್ತು ಎಂದು ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರದಲ್ಲಿ ಬರೆದಿದ್ದಾನೆ. ಗಾಳಿ ಆಗ್ನೇಯಕ್ಕೆ ಬೀಸುತ್ತಿತ್ತು, ಪಾಂಪೆ ಇದ್ದದ್ದೂ ಅತ್ತಲೇ. ಅಲ್ಲಿ ಮಳೆಯಂತೆ ಬಿದ್ದದ್ದು ಪ್ಯೂಮಿಸ್, ಅಂದರೆ ನಾವು ಹಿಮ್ಮಡಿ ಉಜ್ಜಲು ಬಳಸುವ ತೂತುತೂತಾದ ಹಗುರ ಕಲ್ಲು. ಒಂದೊಂದು ಕಲ್ಲು ಹಗುರವೇ. ಆದರೆ ಗಂಟೆಗೆ ಸುಮಾರು 15 ಸೆಂ.ಮೀ.ನಂತೆ ರಾಶಿ ಬೀಳುತ್ತ ಹೋದರೆ ಮೂರು ಗಂಟೆ ಕಳೆಯುವಷ್ಟರಲ್ಲಿ ತೊಲೆಗಳು ಮುರಿಯತೊಡಗುತ್ತವೆ. ಕೊನೆಗೆ ಈ ಪದರ ಸುಮಾರು 2.8 ಮೀಟರ್ ದಪ್ಪವಾಯಿತು. ಈ ಪದರದಲ್ಲಿ ಸಿಕ್ಕ ಸುಮಾರು 400 ಜನರಲ್ಲಿ ಹೆಚ್ಚಿನವರು ಮನೆಯೊಳಗೆ ಮಾಡು ಕುಸಿದು ಸತ್ತವರು.

ಸುಮಾರು 650 ದೇಹಗಳು ಸಿಕ್ಕಿದ್ದು ಇದರ ಮೇಲಿನ ಬೂದಿಪದರದಲ್ಲಿ. ಮರುದಿನ ಬೆಳಗಿನ ಹೊತ್ತಿಗೆ ಆ ಕಂಬ ಕುಸಿದು, ಕಾದ ಅನಿಲ ಮತ್ತು ನುಣ್ಣನೆಯ ಬೂದಿ ನೆಲಕ್ಕೆ ತಗುಲಿಕೊಂಡೇ ಬಿರುಗಾಳಿಯ ವೇಗದಲ್ಲಿ ಊರೊಳಗೆ ನುಗ್ಗಿತು. ಪೈರೋಕ್ಲಾಸ್ಟಿಕ್ ಪ್ರವಾಹ ಅನ್ನುವುದು ಇದನ್ನೇ.

ಈಗ ‘ಕಲ್ಲಾದ ಜನ’. ಯಾರೂ ಕಲ್ಲಾಗಿಲ್ಲ. ನೀವು ಫೋಟೊದಲ್ಲಿ ನೋಡುವುದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ನಮ್ಮಲ್ಲಿ ಗಣೇಶನ ಮೂರ್ತಿಗೆ ಬಳಸಬೇಡಿ ಅನ್ನುತ್ತಾರಲ್ಲ, ಅದೇ ಜಾತಿಯ ಪುಡಿ. ದೇಹವನ್ನು ಸುತ್ತುವರಿದ ನುಣ್ಣನೆಯ ಬೂದಿ ಬಿಗಿದು ಗಟ್ಟಿಯಾಯಿತು. ಒಳಗಿನ ಮಾಂಸ ಕೊಳೆತುಹೋಗಿ ಬರೀ ಟೊಳ್ಳು ಉಳಿಯಿತು, ಅದರೊಳಗೆ ಎಲುಬು. ಬೂದಿ ತಾನಾಗಿಯೇ ಅಚ್ಚಾಗಿತ್ತು. ಎರಕ ಹೊಯ್ದದ್ದು 1863ರಲ್ಲಿ, ಅಗೆತದ ಉಸ್ತುವಾರಿ ಹೊತ್ತಿದ್ದ ಜುಸೆಪ್ಪೆ ಫಿಯೊರೆಲ್ಲಿ. ಕೆಳಗಿನ ಪ್ಯೂಮಿಸ್ ಪದರದಲ್ಲಿ ಸತ್ತವರಿಗೆ ಈ ಭಾಗ್ಯವಿಲ್ಲ. ಅಲ್ಲಿ ಕಲ್ಲುಗಳು ಸಡಿಲ, ದೇಹ ಕರಗಿದಂತೆಲ್ಲ ಜರಿದು ಒಳಗೆ ಬೀಳುತ್ತವೆ, ಆಕಾರ ನಿಲ್ಲುವುದಿಲ್ಲ. ಸಿಗುವುದು ಎಲುಬು ಮಾತ್ರ.

ಎರಕದ ಕೆಲಸ ಹೇಳುವಷ್ಟು ಸುಲಭವಲ್ಲ. ಅಗೆಯುವಾಗ ಗಟ್ಟಿ ಬೂದಿಯಲ್ಲಿ ಪೊಳ್ಳು ಕಂಡ ತಕ್ಷಣ ಕೈ ನಿಲ್ಲಿಸಬೇಕು. ಚಿಕ್ಕ ತೂತು ಮಾಡಿ ಒಳಗೆ ನೋಡಬೇಕು, ಉದುರಿದ ಪುಡಿಯನ್ನು ತೆಗೆಯಬೇಕು. ಆಮೇಲೆ ಕಲಸಿದ ಪ್ಲಾಸ್ಟರ್ ಹೊಯ್ದು, ಅದು ಪೂರ್ತಿ ಗಟ್ಟಿಯಾದ ಮೇಲಷ್ಟೇ ಸುತ್ತಲಿನ ಬೂದಿ ಬಿಡಿಸಬೇಕು. ಹದ ತಪ್ಪುವುದು ಕಲಸುವಾಗ. ತೀರ ನೀರಾದರೆ ಎಲುಬಿನ ಭಾರ ತಡೆಯದೆ ಬಿರುಕು ಬಿಡುತ್ತದೆ. ಮಂದವಾದರೆ ಬೆರಳ ತುದಿ, ಮೂಗು, ಬಟ್ಟೆಯ ನೆರಿಗೆಗಳವರೆಗೆ ಹರಿಯುವುದಿಲ್ಲ, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಚ್ಚನ್ನು ಒಡೆದೇ ತೆಗೆಯಬೇಕಾದ್ದರಿಂದ ಎರಡನೇ ಅವಕಾಶವಿಲ್ಲ. ಪ್ಲಾಸ್ಟರಿನಲ್ಲಿ ಎಲುಬು ಕಾಣುವುದಿಲ್ಲವೆಂದು 1984ರಲ್ಲಿ ಹತ್ತಿರದ ಓಪ್ಲೊಂಟಿಸ್‌ನಲ್ಲಿ ಒಬ್ಬ ಮಹಿಳೆಗೆ ಪಾರದರ್ಶಕ ರಾಳದ ಎರಕ ಹೊಯ್ದರು. ಅದು ದುಬಾರಿ, ಕಷ್ಟದ ಕೆಲಸ, ರೂಢಿಗೆ ಬರಲಿಲ್ಲ.

ಈ ಎರಕಗಳ ಕೆಳಗಿನ ಫಲಕದಲ್ಲಿ ಬರೆದ ಕಥೆಯನ್ನು ಪೂರ್ತಿ ನಂಬಬೇಡಿ. ಹಳಬರು ದುರಸ್ತಿಯ ನೆಪದಲ್ಲಿ ಕೈಕಾಲು ತಿದ್ದಿದ್ದಾರೆ, ಒಳಗೆ ಲೋಹದ ಸರಳು ಸೇರಿಸಿದ್ದಾರೆ. ಬಂಗಾರದ ಬಳೆ ತೊಟ್ಟು ಮಗುವನ್ನು ಹೊತ್ತ ‘ತಾಯಿ’ಯ ಎಲುಬಿನ ಡಿಎನ್‌ಎ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಆ ತಾಯಿ ಗಂಡಸು, ಮಗುವಿಗೂ ಆತನಿಗೂ ರಕ್ತಸಂಬಂಧವೂ ಇರಲಿಲ್ಲ.

ಮರ ಉಳಿದ ಕಥೆಗೆ ಪಕ್ಕದ ಊರು ಹರ್ಕ್ಯುಲೇನಿಯಮ್‌ಗೆ ಬರಬೇಕು. ಅದು ಬೆಟ್ಟದ ಪಶ್ಚಿಮಕ್ಕಿದ್ದುದರಿಂದ ಮೊದಲ ದಿನ ಅಲ್ಲಿ ಹೆಚ್ಚು ಕಲ್ಲು ಬೀಳಲಿಲ್ಲ. ಆದರೆ ಬೆಟ್ಟಕ್ಕೆ ಇನ್ನೂ ಹತ್ತಿರ. ರಾತ್ರಿಯೇ ಬಿಸಿ ಪ್ರವಾಹಗಳು ಒಂದರ ಹಿಂದೊಂದು ಬಂದು ಊರನ್ನು ಸುಮಾರು 20 ಮೀಟರ್ ಆಳಕ್ಕೆ ಹೂತುಬಿಟ್ಟವು. ಇದ್ದಿಲು ಸುಡುವವರು ಸೌದೆ ಗುಪ್ಪೆಗೆ ಮಣ್ಣು ಮೆತ್ತುವುದು ಯಾಕೆಂದು ಗೊತ್ತಲ್ಲ? ಶಾಖವಿದ್ದು ಗಾಳಿ ಇಲ್ಲದಿದ್ದರೆ ಮರ ಉರಿಯುವುದಿಲ್ಲ, ಇದ್ದಿಲಾಗುತ್ತದೆ. ಇಲ್ಲಿ ಆದದ್ದೂ ಅದೇ. ಬಾಗಿಲು, ತೊಲೆ, ಮಂಚ, ತೊಟ್ಟಿಲು, ಧಾನ್ಯ ಎಲ್ಲ ಕರಿಕಲಾಗಿ ಆಕಾರ ಉಳಿಸಿಕೊಂಡವು. ಪಾಂಪೆಯ ಒಂದು ಬೇಕರಿಯ ಒಲೆಯಲ್ಲಿ 1862ರಲ್ಲಿ ಸಿಕ್ಕ 81 ಬ್ರೆಡ್ಡುಗಳಿಗೂ ಹೀಗೆಯೇ ಆಗಿತ್ತು. ಕಬ್ಬಿಣದ ಬಾಗಿಲು ಹಾಕಿದ ಒಲೆ ಅದು. ಹರ್ಕ್ಯುಲೇನಿಯಮ್‌ನ ಕಡಲದಂಡೆಯ ದೋಣಿಮನೆಗಳಲ್ಲಿ 1980ರ ನಂತರ ಸುಮಾರು 300 ಅಸ್ಥಿಪಂಜರಗಳು ಸಿಕ್ಕಿವೆ. ಅಲ್ಲಿ ಟೊಳ್ಳು ಉಳಿಯದ್ದರಿಂದ ಎರಕದ ಮಾತೇ ಇಲ್ಲ. ಅಲ್ಲಿಯ ಶಾಖಕ್ಕೆ ಮಾಂಸ ನಿಜಕ್ಕೂ ಏನಾಯಿತು ಎಂಬುದರ ಬಗ್ಗೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ.

ಅದೇ ಊರಿನ ಒಂದು ಬಂಗಲೆಯಲ್ಲಿ 1750ರ ದಶಕದಲ್ಲಿ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಸುರುಳಿಗಳ ರಾಶಿ ಸಿಕ್ಕಿತು. ನೋಡಿದರೆ ಸುಟ್ಟ ಕೊರಡಿನಂತೆ. ಬಿಚ್ಚಲು ಹೋಗಿ ಎಷ್ಟನ್ನೋ ಪುಡಿ ಮಾಡಿದರು. ಈಗ ಬಿಚ್ಚದೆಯೇ ಎಕ್ಸ್‌ರೇ ಸ್ಕ್ಯಾನ್ ಮಾಡಿ ಓದುತ್ತಾರೆ. ತೊಡಕೆಂದರೆ ಶಾಯಿಯೂ ಇಂಗಾಲ, ಹಾಳೆಯೂ ಈಗ ಇಂಗಾಲ, ಸ್ಕ್ಯಾನಿನಲ್ಲಿ ಎರಡೂ ಒಂದೇ. ಹಾಳೆಯ ಮೇಲ್ಮೈಯಲ್ಲಿನ ಅತಿ ಸಣ್ಣ ವ್ಯತ್ಯಾಸ ಗುರುತಿಸಲು ಕಂಪ್ಯೂಟರಿಗೆ ಕಲಿಸಿದ ಮೇಲೆ, 2023ರಲ್ಲಿ ಮುಚ್ಚಿದ ಸುರುಳಿಯೊಳಗಿಂದ ಮೊದಲ ಪದ ಹೊರಬಂತು: ‘ನೇರಳೆ’ ಎಂಬರ್ಥದ ಗ್ರೀಕ್ ಪದ.

ಕೊನೆಯ ಪ್ರಶ್ನೆ, ಅಗೆಯದೆ ಬಿಟ್ಟದ್ದು. ದುಡ್ಡಿನ ಕೊರತೆಯೂ ಹೌದು, ಆದರೆ ಮುಖ್ಯ ಕಾರಣ ಬೇರೆ. ಬೂದಿಯ ಕೆಳಗೆ ಮಳೆ, ಬಿಸಿಲು, ಬೇರು, ಪ್ರವಾಸಿಗರ ಕೈ ಯಾವುದರ ಕಾಟವೂ ಹೆಚ್ಚಿಲ್ಲ. ತೆರೆದ ದಿನದಿಂದ ಸವೆತ ಶುರು. ಗೋಡೆಯಲ್ಲಿ ನೀರು ಇಂಗಿ ಆರುವಾಗ ಉಪ್ಪು ಮೇಲಕ್ಕೆ ಬಂದು ವರ್ಣಚಿತ್ರದ ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. 2010ರ ನವೆಂಬರಿನಲ್ಲಿ ಜೋರು ಮಳೆಯ ನಂತರ ‘ಗ್ಲಾಡಿಯೇಟರ್‌ಗಳ ಮನೆ’ ಎಂದು ಹೆಸರಾದ ಕಟ್ಟಡವೇ ಕುಸಿಯಿತು. ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿದ್ದ ಅದಕ್ಕೆ ಆಮೇಲೆ ಹಾಕಿದ್ದು ಕಾಂಕ್ರೀಟ್ ಚಾವಣಿ; ಹಳೆಯ ಗೋಡೆಗೆ ಅದು ಹೊರಲಾರದ ಹೊರೆ. ಅಗೆದ ಭಾಗದ ಅಂಚಿನಲ್ಲಿ ನಿಂತ ಮಣ್ಣಿನ ದಿಬ್ಬಗಳೂ ನೀರು ಕುಡಿದು ಗೋಡೆಗಳನ್ನು ಒತ್ತುತ್ತವೆ.

ಹಾಗಾಗಿ ಈಚಿನ ಅಗೆತ ಬಹಳಷ್ಟು ನಡೆದದ್ದು ಈ ದಿಬ್ಬಗಳನ್ನು ಇಳಿಜಾರು ಮಾಡಿ ನೀರು ಹರಿದುಹೋಗಲು ದಾರಿ ಮಾಡುವುದಕ್ಕೆ. ಆ ಕೆಲಸದಲ್ಲೇ 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿದ ಸಾಲು ಸಿಕ್ಕಿತು. ಅದರಲ್ಲಿದ್ದ ತಾರೀಕು ನಮ್ಮ ಲೆಕ್ಕಕ್ಕೆ ಅಕ್ಟೋಬರ್ 17. ವರ್ಷ ಬರೆದಿಲ್ಲ, ನಿಜ. ಆದರೆ ಇದ್ದಿಲ ಗೀಚು ವರ್ಷಗಟ್ಟಲೆ ಅಳಿಯದೆ ನಿಲ್ಲುವುದು ಕಷ್ಟ. ಆದ್ದರಿಂದ ಸ್ಫೋಟವಾದದ್ದು ಆಗಸ್ಟ್ 24ಕ್ಕೆ ಎಂದು ಎಲ್ಲಾದರೂ ಓದಿದ್ದರೆ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ.