ಹಳೆಯ ಟ್ರ್ಯಾಕ್ಟರ್: ಸೆಲ್ಫ್ ಎತ್ತದೆ ಬರೀ ‘ಟಕ್’ ಅನ್ನುತ್ತೆ, ಚಾರ್ಜಿಂಗ್ ಲೈಟೂ ಹೊತ್ತಲ್ಲ. ಎಲ್ಲಿಂದ ನೋಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಮೂರು ತೊಂದರೆಗಳಿವೆ. ಕೀ ತಿರುಗಿಸಿದರೆ ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಒಮ್ಮೆ ಎತ್ತುತ್ತದೆ, ಒಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಕೀ ಆನ್ ಮಾಡಿದರೂ ಚಾರ್ಜಿಂಗ್ ಲೈಟ್ ಹೊತ್ತುವುದಿಲ್ಲ. ಹೊಸ ಬ್ಯಾಟರಿ ಹಾಕಿದ ಮೇಲೂ ಗಾಡಿ ಎರಡು ದಿನ ನಿಂತರೆ ಬ್ಯಾಟರಿ ಇಳಿದಿರುತ್ತದೆ. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಮಾನು) ಬದಲಿಸಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಹಳೆಯ ಡೀಸೆಲ್ ಗಾಡಿಯಲ್ಲಿ ಕಾಯಿಲ್, ಸ್ಪಾರ್ಕ್ ಪ್ಲಗ್ ಯಾವುದೂ ಇಲ್ಲ, ಇರುವ ವೈರಿಂಗ್ ಬಹಳ ಸರಳ. ಅಂಥ ಗಾಡಿಯಲ್ಲಿ ಸಾಮಾನು ಕೆಡುವುದಕ್ಕಿಂತ ವೈರಿನ ಜಾಯಿಂಟ್ ಕೆಡುವುದೇ ಹೆಚ್ಚು. ಒಂದು ಮಲ್ಟಿಮೀಟರ್, 12 ವೋಲ್ಟ್ ಬಲ್ಬಿಗೆ ಎರಡು ವೈರು ಕಟ್ಟಿದ ಒಂದು ಟೆಸ್ಟ್ ಲ್ಯಾಂಪ್ ಇದ್ದರೆ ಸಾಕು.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ನಾಬ್ ಎಳೆದಿಡಿ. ಕೈಯಲ್ಲಿ ಉಂಗುರ ಇದ್ದರೆ ತೆಗೆಯಿರಿ.

ಮೊದಲು ಬ್ಯಾಟರಿ. ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. ಅರ್ಧ ಚಾರ್ಜಿನ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ದಾರಿ ತಪ್ಪುತ್ತೀರಿ. ಹೊರಗಿನ ಚಾರ್ಜರ್‌ನಲ್ಲಿ ತುಂಬಿಸಿಕೊಂಡೇ ಶುರು ಮಾಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು.

ಇನ್ನು ‘ಟಕ್’ ಶಬ್ದ. ಒಂದೇ ಒಂದು ಗಟ್ಟಿ ‘ಟಕ್’ ಎಂದರೆ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಜೋಡಿಸುವ ಅಯಸ್ಕಾಂತದ ಸ್ವಿಚ್) ಎಳೆಯಿತು, ಮೋಟರಿಗೆ ಕರೆಂಟ್ ಸಾಲಲಿಲ್ಲ. ‘ಟಕಟಕಟಕ’ ಎಂದು ಹೊಡೆದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಶಬ್ದವೇ ಇಲ್ಲದಿದ್ದರೆ ಕೀ ಸ್ವಿಚ್, ನ್ಯೂಟ್ರಲ್ ಸ್ವಿಚ್ (ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್ ಹೊಡೆಯಲು ಬಿಡುವುದು) ಅಥವಾ ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರಿನ ಕಡೆ ನೋಡಬೇಕು.

ನಿಮ್ಮದು ಒಂದೇ ‘ಟಕ್’, ಹಾಗಾಗಿ ದಪ್ಪ ಕೇಬಲ್‌ಗಳನ್ನು ಅಳೆಯಿರಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಒಂದು ಪ್ರೋಬನ್ನು ಬ್ಯಾಟರಿಯ ಪ್ಲಸ್ ಸೀಸದ ಕಂಬಕ್ಕೇ ಒತ್ತಿ ಹಿಡಿಯಿರಿ, ಮೇಲಿನ ಕ್ಲ್ಯಾಂಪಿಗಲ್ಲ. ಇನ್ನೊಂದನ್ನು ಸೊಲೆನಾಯ್ಡಿನಲ್ಲಿ ಬ್ಯಾಟರಿ ಕೇಬಲ್ ಬಂದು ಸೇರುವ ದಪ್ಪ ಬೋಲ್ಟಿಗೆ ಇಡಿ. ಇನ್ನೊಬ್ಬರು ಕೀ ತಿರುಗಿಸಲಿ. ಸೊಲೆನಾಯ್ಡ್ ಎಳೆದು ನಿಂತಾಗ 0.5 ವೋಲ್ಟ್ ಒಳಗಿದ್ದರೆ ಆ ದಾರಿ ಸರಿ. ಆಮೇಲೆ ಬ್ಯಾಟರಿ ಮೈನಸ್ ಕಂಬದಿಂದ ಸೆಲ್ಫ್ ಮೋಟರಿನ ಬಾಡಿಗೆ ಇದೇ ರೀತಿ ನೋಡಿ. ಇಲ್ಲಿ 0.3ಕ್ಕಿಂತ ಹೆಚ್ಚು ಬಂದರೆ ಅರ್ತ್ (ಬ್ಯಾಟರಿ ಮೈನಸ್‌ನಿಂದ ಗಾಡಿಯ ಬಾಡಿಗೆ ಇರುವ ಜೋಡಣೆ) ಕೆಟ್ಟಿದೆ. ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಸಿಗುವುದು ಈ ಅರ್ತ್ ದೋಷವೇ. ಅರ್ತ್ ಪಟ್ಟಿಯನ್ನು ಪೇಂಟಿನ ಮೇಲೇ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಇಲ್ಲವೇ ಲಗ್ಗಿನ (ಕೇಬಲ್ ತುದಿಯ ಲೋಹದ ಕಿವಿ) ಕೆಳಗೆ ತುಕ್ಕು ಕೂತಿರುತ್ತದೆ. ಹೊರಗಿನಿಂದ ಚೆನ್ನಾಗಿ ಕಾಣುವ ಕೇಬಲ್‌ನ ರಬ್ಬರ್ ಅನ್ನು ಲಗ್ಗಿನ ಹತ್ತಿರ ಒಂದಿಷ್ಟು ಸೀಳಿ ನೋಡಿ. ಒಳಗಿನ ತಾಮ್ರದ ಎಳೆ ಕಪ್ಪಗೋ ಹಸಿರಾಗೋ ಆಗಿದ್ದರೆ ಅದನ್ನು ಉಜ್ಜಿ ಪ್ರಯೋಜನವಿಲ್ಲ, ಕೇಬಲ್ಲೇ ಬದಲಾಯಿಸಿ. ಬಿಚ್ಚುವಾಗ ಅರ್ತ್ ಮೊದಲು, ಹಾಕುವಾಗ ಅರ್ತ್ ಕೊನೆಗೆ.

ಎರಡೂ ಕೇಬಲ್ ಸರಿ ಇದ್ದರೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಅಳೆಯಿರಿ. ‘ಟಕ್’ ಎಂದ ಮೇಲೂ ಅಲ್ಲಿ 12 ವೋಲ್ಟ್ ಹಾಗೇ ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಸೊಲೆನಾಯ್ಡಿನ ಸಣ್ಣ ವೈರಿನಲ್ಲೂ ಕೀ ತಿರುಗಿಸಿದಾಗ ಎಷ್ಟು ಬರುತ್ತದೆ ನೋಡಿ. 7-8 ವೋಲ್ಟ್ ಮಾತ್ರ ಬಂದರೆ ಹೆಚ್ಚಾಗಿ ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿದೆ. ಸ್ವಿಚ್ ಬದಲಿಸುವುದರ ಜೊತೆಗೆ 12 ವೋಲ್ಟ್ 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಒಂದನ್ನು ಹಾಕಿದರೆ ಹೊಸ ಸ್ವಿಚ್ ಬೇಗ ಸುಡುವುದಿಲ್ಲ. ರಿಲೇಯ ಪಿನ್ ನಂಬರಿನಂತೆ 86ಕ್ಕೆ ಕೀ ಸ್ವಿಚ್ಚಿನ ಸ್ಟಾರ್ಟ್ ವೈರು, 85ಕ್ಕೆ ಅರ್ತ್, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್, 87ರಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್.

ಈಗ ಚಾರ್ಜಿಂಗ್ ಲೈಟ್. ಅದು ಬರೀ ಎಚ್ಚರಿಕೆಯ ದೀಪ ಎಂದುಕೊಂಡು ಬಲ್ಬು ಹೋದರೂ ಸುಮ್ಮನೆ ಬಿಡುವವರು ಬಹಳ. ಈ ಲೈಟ್ ಇರುವ ಆಲ್ಟರ್ನೇಟರ್ ಕರೆಂಟ್ ಹುಟ್ಟಿಸಲು ಶುರುಮಾಡುವುದೇ ಆ ಬಲ್ಬಿನ ಮೂಲಕ ರೋಟರಿಗೆ (ಆಲ್ಟರ್ನೇಟರಿನೊಳಗೆ ತಿರುಗುವ ಸುರುಳಿ) ಹೋಗುವ ಸಣ್ಣ ಕರೆಂಟಿನಿಂದ. ಬಲ್ಬು ಸುಟ್ಟರೆ ಎಂಜಿನ್ ಜೋರಾಗಿ ರೇಸ್ ಮಾಡುವವರೆಗೂ ಚಾರ್ಜ್ ಶುರುವಾಗದೇ ಇರಬಹುದು, ಕೆಲವದರಲ್ಲಿ ಆಗುವುದೇ ಇಲ್ಲ. ಕೀ ಆನ್ ಇಟ್ಟು, ಎಂಜಿನ್ ನಿಂತಿರುವಾಗ, ಆಲ್ಟರ್ನೇಟರಿನ ಡಿ ಪ್ಲಸ್ (D+, ಚಾರ್ಜಿಂಗ್ ಲೈಟಿನ ವೈರು ಸೇರುವ) ಟರ್ಮಿನಲ್‌ನಿಂದ ತೆಳ್ಳನೆಯ ವೈರು ಬಿಚ್ಚಿ ಎಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿ. ದಪ್ಪ ವೈರು ಮುಟ್ಟಿಸಬೇಡಿ, ಅದರಲ್ಲಿ ಬ್ಯಾಟರಿ ಕರೆಂಟ್ ಸದಾ ಇರುತ್ತದೆ. ಲೈಟ್ ಹೊತ್ತಿದರೆ ಬಲ್ಬು, ವೈರು ಸರಿ. ಹೆಚ್ಚಾಗಿ ಆಲ್ಟರ್ನೇಟರಿನಲ್ಲಿ ರೋಟರಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಬ್ರಷ್ ಒರಸುವ ಸ್ಲಿಪ್ ರಿಂಗ್ ಕೊಳೆಯಾಗಿದೆ. ಹೊತ್ತದಿದ್ದರೆ ಬಲ್ಬು, ಹೋಲ್ಡರ್, ಫ್ಯೂಸ್, ವೈರು ಒಂದೊಂದಾಗಿ ನೋಡಿ. ಹೊಸದಾಗಿ ಹಾಕುವುದು 12 ವೋಲ್ಟ್, 2.2ರಿಂದ 3 ವ್ಯಾಟಿನ ತಂತಿಯ ಬಲ್ಬೇ ಆಗಿರಲಿ. ಎಲ್‌ಇಡಿ ಎಳೆಯುವ ಕರೆಂಟ್ ತೀರಾ ಕಡಿಮೆ, ರೋಟರಿಗೆ ಸಾಲುವುದಿಲ್ಲ.

ಬಲ್ಬು ಸರಿಯಾದ ಮೇಲೆ ಎಂಜಿನ್ ಓಡಿಸಿ 1500 ಆರ್‌ಪಿಎಂ ಸುಮಾರಿಗೆ ಬ್ಯಾಟರಿ ಮೇಲೆ ಅಳೆಯಿರಿ: 13.8ರಿಂದ 14.4 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ (ಆಲ್ಟರ್ನೇಟರಿನ ವೋಲ್ಟ್ ಹಿಡಿತದಲ್ಲಿಡುವ ಭಾಗ) ಕೆಟ್ಟಿದೆ, ಬ್ಯಾಟರಿ ನೀರು ಕುದಿದು ಬತ್ತುತ್ತದೆ. ಬೆಲ್ಟ್ ಸಡಿಲವಿದ್ದರೂ ವೋಲ್ಟ್ ಏರುವುದಿಲ್ಲ, ಅದನ್ನು ಮರೆಯಬೇಡಿ. ಆಲ್ಟರ್ನೇಟರಿನ ಬಿ ಪ್ಲಸ್ (B+, ಬ್ಯಾಟರಿಗೆ ಹೋಗುವ ದಪ್ಪ ವೈರಿನ) ಬೋಲ್ಟಿಗೂ ಬ್ಯಾಟರಿ ಪ್ಲಸ್‌ಗೂ ನಡುವೆ 0.5 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವಿನ ವೈರು, ಆಮ್‌ಮೀಟರ್, ಫ್ಯೂಸಿನ ಜಾಯಿಂಟ್ ನೋಡಿ. ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಲು ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಹಳೆಯ ಅಭ್ಯಾಸ ದಯವಿಟ್ಟು ಬೇಡ. ಆ ಗಳಿಗೆಯಲ್ಲಿ ವೋಲ್ಟ್ ಏಕಾಏಕಿ ಏರಿ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಹಾರಿಹೋಗಬಹುದು.

ಎರಡು ದಿನಕ್ಕೆ ಬ್ಯಾಟರಿ ಇಳಿಯಲು ಚಾರ್ಜ್ ಆಗದಿರುವುದೂ ಕಾರಣವಾಗಿರಬಹುದು, ಎಲ್ಲೋ ಕರೆಂಟ್ ಸೋರುತ್ತಲೂ ಇರಬಹುದು. ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಸ್ವಲ್ಪ ಮಿನುಗಿದರೂ ಸೋರಿಕೆ ಇದೆ. ಲ್ಯಾಂಪ್ ಹಾಗೇ ಇರಲಿ, ಇನ್ನೊಬ್ಬರು ಬಿ ಪ್ಲಸ್ ವೈರು ಬಿಚ್ಚಿ ಕಬ್ಬಿಣಕ್ಕೆ ತಾಗದಂತೆ ಹಿಡಿಯಲಿ. ಆಗ ಆರಿದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆ. ಆರದಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಆರುತ್ತದೋ ಆ ಲೈನಿನಲ್ಲೇ ದೋಷ. ಲ್ಯಾಂಪ್ ಹೊತ್ತದಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಮೀಟರನ್ನು 10 ಆಂಪಿಯರ್ ರೇಂಜಿಗೆ ಇಟ್ಟು ಅದೇ ಜಾಗದಲ್ಲಿ ಅಳೆಯಿರಿ. ಎಲೆಕ್ಟ್ರಾನಿಕ್ಸ್ ಇಲ್ಲದ ಗಾಡಿಯಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ ಇರಬೇಕು. ಮೀಟರ್ ಹೀಗೆ ಜೋಡಿಸಿರುವಾಗ ಮಾತ್ರ ಕೀ ತಿರುಗಿಸಬೇಡಿ, ಸೆಲ್ಫ್ ಎಳೆಯುವ ಕರೆಂಟಿಗೆ ಮೀಟರ್ ತಡೆಯುವುದಿಲ್ಲ.